ಅರ್ಥ ಗೊತ್ತಿಲ್ಲದ ಎರಡು ಸಾಲು

ನನಗೆ ಅಸ್ಸಾಮಿ ಬರುವುದಿಲ್ಲ. ಓದಲು ಬರಲ್ಲ, ಯಾರಾದರೂ ಮಾತಾಡಿದರೆ ಒಂದು ಪದ ತಿಳಿಯಲ್ಲ. ಆದರೆ ಒಂದು ಅಸ್ಸಾಮಿ ಹಾಡಿನ ಎರಡು ಸಾಲು ನನಗೆ ಬಾಯಿಪಾಠ. ಪಾತ್ರೆ ತೊಳೆಯುವಾಗ, ಗಾಡಿ ಓಡಿಸುವಾಗ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಾಗ ತಾನಾಗಿ ಬಾಯಿಗೆ ಬರುತ್ತದೆ. ಈಚೆಗೆ ಒಂದು ದಿನ ಮಗಳು ಕೇಳಿದಳು, "ಅಪ್ಪಾ, ಯಾವಾಗ್ಲೂ ಹಾಡ್ತೀಯಲ್ಲ, ಅದರ ಅರ್ಥ ಏನು?" ಗೊತ್ತಿಲ್ಲ ಅಂದೆ. "ಮತ್ತೆ ಯಾರು ಕಲಿಸಿದ್ದು?" ಅಂದಳು. ಕಲಿಸಿದವನು ಒಬ್ಬ ಹುಡುಗ, ನಲಬಾರಿ ಕಡೆಯವನು. ಕಲಿಯುವ ಹಾಗೆ ಮಾಡಿದವರು ಬೇರೊಬ್ಬರು. ಅವರ ಬಗ್ಗೆ ಅವಳಿಗೆ ಹೇಳೋಣ ಅಂತ ಹೊರಟೆ. ಎರಡು ಮಾತಿನ ಮೇಲೆ ಹೇಳಲಾಗಲಿಲ್ಲ.

ಅದೇ ವಾರ ನಮ್ಮೂರ ಗೆಳೆಯನೊಬ್ಬ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿದ. ಎಲ್ಲಿಂದಲೋ ಬಂದದ್ದು, ಅವನು ಮುಂದಕ್ಕೆ ಕಳಿಸಿದ್ದು. ಒಂದು ಸಮುದಾಯದವರ ಅಂಗಡಿಗೆ ಹೋಗಬೇಡಿ, ಅವರ ಕೈಯಿಂದ ಏನೂ ತಗೋಬೇಡಿ ಅನ್ನುವ ತರಹದ್ದು. ಇಂಥವು ದಿನಾ ಬರುತ್ತವೆ, ನೋಡಿ ಮುಂದೆ ಹೋಗುತ್ತೇವೆ. ಆದರೆ ಇದನ್ನು ಕಳಿಸಿದವನು, ಆ ಎರಡು ಸಾಲು ಕಲಿತಾಗ ನನ್ನ ಪಕ್ಕದಲ್ಲೇ ನಿಂತಿದ್ದವನು. ಇಬ್ಬರೂ ಒಂದೇ ಶಿಬಿರಕ್ಕೆ ಹೋಗಿದ್ದೆವು. ಸರ್ವಧರ್ಮ ಪ್ರಾರ್ಥನೆಯಲ್ಲಿ ಒಂದೇ ಚಾಪೆಯ ಮೇಲೆ ಕೂತಿದ್ದೆವು. ಹಾಗಾದರೆ ಆ ಶಿಬಿರ ಏನು ಮಾಡಿತು? ಅದನ್ನು ನಡೆಸಿದ ಮನುಷ್ಯ ಜೀವಮಾನವಿಡೀ ಸವೆಸಿದ್ದರಿಂದ ಏನು ಉಳಿಯಿತು? ಈ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಖಾಕಿ ಚಡ್ಡಿಯ ಭಾಯಿಜಿ

ನಾನು ಹೇಳುತ್ತಿರುವುದು ಎಸ್. ಎನ್. ಸುಬ್ಬರಾವ್ ಅವರ ಬಗ್ಗೆ. ಸೇಲಂ ನಂಜುಂಡಯ್ಯ ಸುಬ್ಬರಾವ್. ದೇಶದ ತುಂಬ ಅವರನ್ನು 'ಭಾಯಿಜಿ' ಅಂತಲೇ ಕರೆಯುತ್ತಿದ್ದರು. ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ, 1929ರ ಫೆಬ್ರವರಿ 7ರಂದು. 1942ರ ಚಳವಳಿಯಲ್ಲಿ ಪೊಲೀಸರು ಹಿಡಿದುಕೊಂಡು ಹೋದಾಗ ಇನ್ನೂ ಹದಿಮೂರು ವರ್ಷದ ಸ್ಕೂಲ್ ಹುಡುಗ. ಆಮೇಲೆ ಕಾನೂನು ಓದಿದರು. ಕರಿ ಕೋಟು ಹಾಕಿಕೊಂಡು ಆರಾಮಾಗಿ ಇರಬಹುದಿತ್ತು. ಅಷ್ಟರಲ್ಲಿ ಹರ್ಡೀಕರ್ ಅವರ ಕರೆ ಬಂತು, ಕಾಂಗ್ರೆಸ್ಸಿನ ಸೇವಾದಳಕ್ಕೆ ಹೋದರು.

ಹರ್ಡೀಕರ್ ಅಂದರೆ ಹುಬ್ಬಳ್ಳಿಯ ಡಾಕ್ಟರು, ನಾರಾಯಣ ಸುಬ್ಬರಾವ್ ಹರ್ಡೀಕರ್. ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ, ಊರಿಗೆ ವಾಪಸ್ ಬಂದು ಹುಡುಗರನ್ನು ಕಟ್ಟಿದವರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮಾಪಣೆ ಬರೆದುಕೊಡಲಿಲ್ಲ. ಅದು ದೇಶದ ಕಣ್ಣಿಗೆ ಬಿತ್ತು. ಅದೇ ವರ್ಷ ಕಾಕಿನಾಡ ಕಾಂಗ್ರೆಸ್‌ನಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಅಂದರೆ ಸುಬ್ಬರಾಯರು ಗಾಳಿಯಿಂದ ಬಂದವರಲ್ಲ. ಒಬ್ಬ ಹುಬ್ಬಳ್ಳಿಯವರು ಶುರುಮಾಡಿದ್ದ ಶಿಬಿರದ ಅಭ್ಯಾಸವನ್ನು ಒಬ್ಬ ಬೆಂಗಳೂರಿನವರು ಕೈಗೆತ್ತಿಕೊಂಡು, ಅದರಿಂದ ಪಕ್ಷವನ್ನು ಬಿಡಿಸಿ, ಹಾಡನ್ನು ಸೇರಿಸಿದರು. ನಾನು ಅದನ್ನು ಹೀಗೆ ನೋಡುತ್ತೇನೆ.

1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ರೈಲಿನಲ್ಲಿ ಗಾಂಧಿ ಪ್ರದರ್ಶನ ಮಾಡಿದರು. ಬ್ರಾಡ್ ಗೇಜ್‌ಗೆ ಒಂದು ರೈಲು, ಮೀಟರ್ ಗೇಜ್‌ಗೆ ಇನ್ನೊಂದು. ಆ ಕೆಲಸದ ಹೊಣೆ ಸುಬ್ಬರಾಯರದು. ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗುತ್ತಾ ಎಷ್ಟು ಊರಿನ ಎಷ್ಟು ಹುಡುಗರನ್ನು ನೋಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮುಂದಿನ ವರ್ಷವೇ ಈ ಶಿಬಿರಗಳನ್ನು ನಡೆಸುವ ಅವರ ಸಂಸ್ಥೆ, ರಾಷ್ಟ್ರೀಯ ಯುವ ಯೋಜನೆ, ಶುರುವಾಯಿತು. ಅದೇ ವರ್ಷ ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಜೌರಾದಲ್ಲಿ ಮಹಾತ್ಮ ಗಾಂಧಿ ಸೇವಾ ಆಶ್ರಮವೂ ಶುರುವಾಯಿತು. ಒಂದು ಕಡೆ ಊರೂರು ತಿರುಗುವ ಶಿಬಿರ, ಇನ್ನೊಂದು ಕಡೆ ಒಂದೇ ಊರಲ್ಲಿ ಬೇರು ಬಿಟ್ಟ ಆಶ್ರಮ. ಇವೆರಡು ಒಟ್ಟಿಗೆ ಹುಟ್ಟಿದ್ದು ನನಗೆ ಬಹಳ ಮುಖ್ಯ ಅನಿಸುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮದುವೆ ಆಗಲಿಲ್ಲ. ಚಳಿಯಿರಲಿ ಬಿಸಿಲಿರಲಿ, ಖಾಕಿ ಚಡ್ಡಿ, ಬಿಳಿ ಖಾದಿಯ ಅರ್ಧ ತೋಳಿನ ಅಂಗಿ. ತೊಂಬತ್ತು ದಾಟಿದ ಮೇಲೂ ಅದೇ.

ಬಾಂಡ್ಲಿ ಸಾಲು

1995. ನನಗೆ ಹತ್ತೊಂಬತ್ತು. ಕಾಲೇಜಿನ ಎನ್ನೆಸ್ಸೆಸ್ ಮೇಷ್ಟ್ರು ಇಬ್ಬರನ್ನು ಆರಿಸಿ ಕಳಿಸಿದರು, ನನ್ನನ್ನು ಮತ್ತು ಈ ಗೆಳೆಯನನ್ನು. ಶಿಬಿರ ಇದ್ದದ್ದು ಉತ್ತರ ಕರ್ನಾಟಕದ ಒಂದು ಊರಲ್ಲಿ. ನಾವು ತಿಪಟೂರು ಕಡೆಯವರು, ಜೋಳದ ರೊಟ್ಟಿಯೇ ನಮಗೆ ಪರದೇಶ. ಅಲ್ಲಿ ಹೋಗಿ ನೋಡಿದರೆ ಪಂಜಾಬಿನವರು, ಒಡಿಶಾದವರು, ಕೇರಳದವರು, ಮಣಿಪುರದವರು. ನಮ್ಮಿಬ್ಬರನ್ನು ಬೇರೆ ಬೇರೆ ಕೋಣೆಗೆ ಹಾಕಿದರು. ಒಂದೇ ರಾಜ್ಯದವರು ಒಂದೇ ಕೋಣೆಯಲ್ಲಿ ಮಲಗುವ ಹಾಗಿಲ್ಲ ಅನ್ನುವುದು ಅಲ್ಲಿನ ನಿಯಮ. ಮೊದಲ ರಾತ್ರಿ ನನಗೆ ಅಳು ಬಂದಿತ್ತು.

ಬೆಳಿಗ್ಗೆ ಕತ್ತಲಿರುವಾಗಲೇ ಏಳಬೇಕು. ವ್ಯಾಯಾಮ, ಧ್ವಜ, ತಿಂಡಿ, ಆಮೇಲೆ ಶ್ರಮದಾನ. ಊರಾಚೆಯ ಒಂದು ಹೂಳು ತುಂಬಿದ ಕಟ್ಟೆ ನಮ್ಮ ಪಾಲಿಗೆ ಬಂದಿತ್ತು. ಕೆಳಗೆ ನಾಲ್ಕು ಜನ ಅಗೆಯುವವರು, ಇಬ್ಬರು ಸಲಿಕೆಯಲ್ಲಿ ತುಂಬುವವರು, ಉಳಿದವರೆಲ್ಲ ಏರಿಯ ತನಕ ಸಾಲಾಗಿ ನಿಂತು ಬಾಂಡ್ಲಿ ದಾಟಿಸುವವರು. ತುಂಬಿದ ಬಾಂಡ್ಲಿ ಎಡಗಡೆಯಿಂದ ಬರುತ್ತದೆ, ಬಲಗಡೆಗೆ ಕೊಡಬೇಕು. ಖಾಲಿ ಬಾಂಡ್ಲಿ ಹಿಂದಿನಿಂದ ವಾಪಸ್ ಬರುತ್ತದೆ. ಒಬ್ಬ ತಡಮಾಡಿದರೆ ಸಾಲೇ ನಿಂತುಬಿಡುತ್ತದೆ. ಭಾಷೆ ಬರದ ಹುಡುಗರು ಮೊದಲ ದಿನ ಒಬ್ಬರ ಕಾಲ ಮೇಲೊಬ್ಬರು ಮಣ್ಣು ಸುರಿದದ್ದೇ ಜಾಸ್ತಿ.

ಆಗ ನನ್ನ ಎಡಗಡೆ ಇದ್ದ ನಲಬಾರಿಯ ಹುಡುಗ ಹಾಡಲು ಶುರುಮಾಡಿದ. ಅವನ ಪಾಡಿಗೆ ಅವನು. ಒಂದು ಪದಕ್ಕೆ ಬಾಂಡ್ಲಿ ಹಿಡಿಯುತ್ತಿದ್ದ, ಮುಂದಿನ ಪದಕ್ಕೆ ನನ್ನ ಕೈಗೆ ಕೊಡುತ್ತಿದ್ದ. ಅವನ ಹಾಡು ಕೇಳಿದರೆ ಬಾಂಡ್ಲಿ ಯಾವಾಗ ಬರುತ್ತೆ ಅಂತ ನೋಡದೆಯೂ ಗೊತ್ತಾಗುತ್ತಿತ್ತು. ನಾನೂ ಹಾಡಿದೆ, ನನ್ನ ಬಲಗಡೆ ಇದ್ದವನಿಗೂ ಗೊತ್ತಾಗಲಿ ಅಂತ. ನನ್ನ ಬಲಗಡೆ ಇದ್ದವನು ಈ ಗೆಳೆಯನೇ. ಅವನೂ ಹಿಡಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಏರಿಯ ಮೇಲಿದ್ದವರ ತನಕ ಆ ಎರಡು ಸಾಲು ಹೋಗಿತ್ತು. ಅಷ್ಟೂ ಜನರಲ್ಲಿ ಅರ್ಥ ಗೊತ್ತಿದ್ದವನು ಒಬ್ಬನೇ.

ಮೂರನೇ ದಿನ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಹೇಳಿಕೊಳ್ಳಲು ನಾಚಿಕೆ. ಆ ಹುಡುಗ ನೋಡಿದ. ಸೊಂಟಕ್ಕೆ ಕಟ್ಟಿಕೊಂಡಿದ್ದ ಗಮೋಸಾ ಬಿಚ್ಚಿದ. ಬಿಳಿ ಬಟ್ಟೆ, ಎರಡೂ ತುದಿಗೆ ಕೆಂಪು ನೇಯ್ಗೆ. ಅದನ್ನು ನನ್ನ ಕೈಗೆ ಸುತ್ತಿ ಹಿಂಗೈ ಮೇಲೆ ಗಂಟು ಹಾಕಿದ. ಗಮೋಸಾ ಅಂದರೆ ಅವರಲ್ಲಿ ಹಿರಿಯರಿಗೆ, ಬಂದ ನೆಂಟರಿಗೆ ಮರ್ಯಾದೆಯಿಂದ ಹೊದಿಸುವ ಬಟ್ಟೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆವತ್ತು ನಾನು ಅದಕ್ಕೆ ಕೆಸರು ಹತ್ತಿಸಿ ಸಂಜೆ ವಾಪಸ್ ಕೊಟ್ಟಿದ್ದೆ. ಅವನು ಒಗೆದು ಕಿಟಕಿಗೆ ನೇತುಹಾಕಿದ. ಅವನ ವಿಳಾಸ ಬರೆದುಕೊಂಡಿದ್ದ ನೋಟ್‌ಬುಕ್ ಮನೆ ಬದಲಾಯಿಸುವಾಗ ಕಳೆದುಹೋಯಿತು. ಅದರ ಬಗ್ಗೆ ನನಗೆ ಈಗಲೂ ಬೇಜಾರಿದೆ.

ಸುಬ್ಬರಾಯರನ್ನು ನಾನು ನೋಡಿದ್ದು ಸಂಜೆಯ ಹೊತ್ತು. ಪ್ರಾರ್ಥನೆ ಮುಗಿದ ಮೇಲೆ ಹಾಡಿಸುತ್ತಿದ್ದರು. ಅವರು ಏನು ಭಾಷಣ ಮಾಡಿದರು ಅಂತ ಕೇಳಿದರೆ ಒಂದು ವಾಕ್ಯವೂ ಸರಿಯಾಗಿ ನೆನಪಿಲ್ಲ. ದನಿ ನೆನಪಿದೆ. ಅರವತ್ತಾರು ವರ್ಷದವರ ದನಿ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಕೈ ಎತ್ತಿ ತಾಳ ಹಾಕಿದರೆ ಇಡೀ ಮೈದಾನ ಹಾಕುತ್ತಿತ್ತು. ಅವರ ಶಿಬಿರಗಳಲ್ಲಿ 'ಭಾರತ್ ಕೀ ಸಂತಾನ್' ಅಂತ ಒಂದು ಕಾರ್ಯಕ್ರಮ ಇರುತ್ತದೆ. ಒಂದೊಂದು ಭಾಷೆಗೆ ಒಬ್ಬೊಬ್ಬರು ಆಯಾ ಉಡುಪಿನಲ್ಲಿ ಬರುತ್ತಾರೆ, ಆ ಭಾಷೆಯ ಸಾಲು ಬಂದಾಗ ಮುಂದೆ ನಿಲ್ಲುತ್ತಾರೆ. ಕೊಂಕಣಿ, ಮಣಿಪುರಿ, ನೇಪಾಳಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿ ಆಗ ತಾನೇ ಹದಿನೆಂಟು ಭಾಷೆ ಆಗಿದ್ದವು. ಕನ್ನಡದ ಸಾಲಿಗೆ ಕಚ್ಚೆ ಪಂಚೆ ಉಟ್ಟು ನಿಂತವನು ಒಬ್ಬ ಪಂಜಾಬಿ ಹುಡುಗ. ಅವನ ಬಾಯಲ್ಲಿ ನಮ್ಮ 'ಳ' ಕೇಳಿ ನನಗೂ ಗೆಳೆಯನಿಗೂ ಮೈ ಜುಮ್ಮೆಂದಿತ್ತು. ಕಣ್ಣಲ್ಲಿ ನೀರು ಬಂದದ್ದು ಮೊದಲು ಗೆಳೆಯನಿಗೆ. ಅದು ನನಗೆ ಚೆನ್ನಾಗಿ ನೆನಪಿದೆ.

ಅದಕ್ಕೇ ಆ ಮೆಸೇಜ್ ಅಷ್ಟು ಚುಚ್ಚಿತು.

ಹಾಡಿದರೆ ಸಾಕಾ?

ಈ ಮಾತನ್ನು ಸುಬ್ಬರಾಯರು ಬದುಕಿದ್ದಾಗಲೂ ಜನ ಆಡುತ್ತಿದ್ದರು. ಹತ್ತು ದಿನ ಒಟ್ಟಿಗೆ ಹಾಡಿದರೆ ದೇಶ ಒಂದಾಗುತ್ತಾ? ಹಸಿವು, ಜಾತಿ, ಜಮೀನು ಇವೆಲ್ಲ ಹಾಡಿನಿಂದ ಬಗೆಹರಿಯುತ್ತವಾ? ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಇದು. ನನಗೂ ಬಂದಿದೆ. ಶಿಬಿರದ ಕೊನೆಯ ದಿನ ಎಲ್ಲರೂ ತಬ್ಬಿಕೊಂಡು ಅಳುತ್ತೇವೆ, ವಿಳಾಸ ಬರೆದುಕೊಳ್ಳುತ್ತೇವೆ, ರೈಲು ಹತ್ತುತ್ತೇವೆ. ಮನೆಗೆ ಬಂದರೆ ಅದೇ ಬೀದಿ, ಅದೇ ಮಾತು. ಬೀದಿ ನಮಗೆ ವರ್ಷಪೂರ್ತಿ ಪಾಠ ಮಾಡುತ್ತದೆ. ಶಿಬಿರ ಮಾಡಿದ್ದು ಹತ್ತೇ ದಿನ.

ಇದಕ್ಕೆ ಉತ್ತರ ಹುಡುಕುತ್ತಾ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಚಂಬಲ್‌ನಲ್ಲಿ. ಅಲ್ಲಿನ ಕಥೆಯನ್ನು ನಾವು ಕೇಳಿರುವ ರೀತಿಯೇ ತಪ್ಪು ಅನಿಸುತ್ತದೆ. 1972ರ ಏಪ್ರಿಲ್ 14, ಜೌರಾ. ಜಯಪ್ರಕಾಶ ನಾರಾಯಣ್ ಮತ್ತು ಅವರ ಹೆಂಡತಿ ಪ್ರಭಾವತಿ ವೇದಿಕೆಯಲ್ಲಿದ್ದರು. ಮೋಹರ್ ಸಿಂಗ್, ಮಾಧೋ ಸಿಂಗ್ ಅಂಥ ಡಕಾಯಿತರು ಗಾಂಧಿ ಪಟದ ಮುಂದೆ ಬಂದೂಕು ಇಟ್ಟರು. ಫೋಟೋ ಎಲ್ಲರಿಗೂ ಗೊತ್ತು. ಮಹಾತ್ಮರೊಬ್ಬರು ಬಂದರು, ಡಕಾಯಿತರ ಮನಸ್ಸು ಕರಗಿತು ಅಂತ ಕಥೆ ಮುಗಿಯುತ್ತದೆ.

ಆದರೆ ಆ ದಿನದ ಹಿಂದೆ ಹನ್ನೆರಡು ವರ್ಷ ಇವೆ. 1960ರಲ್ಲೇ ವಿನೋಬಾ ಆ ಕಣಿವೆಗಳಲ್ಲಿ ನಡೆದಿದ್ದರು, ಲುಕ್ಕಾ ಮೊದಲಾದ ಇಪ್ಪತ್ತು ಜನ ಶರಣಾಗಿದ್ದರು. ಆಮೇಲೆ ಅಲ್ಲೇ ಉಳಿದು ಕೆಲಸ ಮಾಡಿದ ಶಾಂತಿ ಮಿಷನ್‌ನವರು ಇದ್ದರು. ಸುಬ್ಬರಾಯರು ಅದೇ ನೆಲದಲ್ಲಿ ಹುಡುಗರ ಶಿಬಿರ ಮಾಡಿದರು, ಆಶ್ರಮ ಕಟ್ಟಿದರು. ಮಾಧೋ ಸಿಂಗ್ ಕಂಟ್ರಾಕ್ಟರ್ ವೇಷದಲ್ಲಿ, ರಾಮ್ ಸಿಂಗ್ ಅಂತ ಹೆಸರು ಹೇಳಿಕೊಂಡು ಪಟ್ನಾಕ್ಕೆ ಜೆ.ಪಿ. ಮನೆಗೆ ಹೋದದ್ದು 1971ರಲ್ಲಿ. ಶರಣಾದವರನ್ನು ಎಲ್ಲಿ ಕೂರಿಸುವುದು, ಅವರ ಹೆಂಡತಿ ಮಕ್ಕಳು ಎಲ್ಲಿಗೆ ಹೋಗಬೇಕು, ಅವರ ಗುಂಡಿಗೆ ಸತ್ತವರ ಮನೆಯವರಿಗೆ ಯಾರು ಏನು ಹೇಳಬೇಕು ಅನ್ನುವ ಪ್ರಶ್ನೆ ಎದ್ದಾಗ ಜೌರಾದಲ್ಲಿ ಆಶ್ರಮ ಇತ್ತು. ಜನರಿಗೆ ಆಶ್ರಮದವರ ಪರಿಚಯ ಇತ್ತು, ನಂಬಿಕೆ ಇತ್ತು. ಆವತ್ತು ಮತ್ತು ಮುಂದೆ ಅಲ್ಲಿ ಬಂದೂಕು ಕೆಳಗಿಟ್ಟವರು ಒಟ್ಟು 654 ಅಂತ ಆಶ್ರಮದವರ ಲೆಕ್ಕ. ಗಲ್ಲು ಆಗಬಾರದು ಅನ್ನುವುದು ಶರಣಾದವರ ಬೇಡಿಕೆಯಾಗಿತ್ತು. ಆದರೆ ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು. ಮುಂಗಾವಲಿಯಲ್ಲಿ ಅವರಿಗಾಗಿ ಬಯಲು ಬಂದೀಖಾನೆ ಮಾಡಿದರು.

ಕೊಲೆ ಮಾಡಿದವರಿಗೆ ಹಾರ ಹಾಕಿದಿರಿ ಅಂತ ಆಗ ತುಂಬ ಜನ ಸಿಟ್ಟಾಗಿದ್ದರು. ಆ ಸಿಟ್ಟಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲಾರೆ. ಮಗನನ್ನು ಕಳೆದುಕೊಂಡ ತಾಯಿಗೆ ಆ ವೇದಿಕೆ ಹೇಗೆ ಕಂಡಿರಬೇಕು? ಸುಬ್ಬರಾಯರ ಆಶ್ರಮ ಎರಡೂ ಕಡೆಯ ಮನೆಗಳ ಜೊತೆ ಕೆಲಸ ಮಾಡಿತು. ನನಗೆ ದೊಡ್ಡದಾಗಿ ಕಾಣುವುದು ಇದು. ಫೋಟೋದಲ್ಲಿ ಬರುವ ಕೆಲಸ ಅಲ್ಲ ಅದು.

ಜೌರಾಕ್ಕೆ ಪುಟ್ಟ ರೈಲು

ಒಂದು ಸಲ ಜೌರಾಕ್ಕೆ ಹೋಗಿದ್ದೆ. ಆಗಿನ್ನೂ ಗ್ವಾಲಿಯರ್‌ನಿಂದ ಶ್ಯೋಪುರಕ್ಕೆ ಹೋಗುವ ನ್ಯಾರೋ ಗೇಜ್ ರೈಲು ಓಡುತ್ತಿತ್ತು. ಈಗ ಅದು ನಿಂತಿದೆ, ಬ್ರಾಡ್ ಗೇಜ್ ಆಗುತ್ತಿದೆ. ಎರಡೇ ಅಡಿ ಅಗಲದ ಹಳಿ. ಎದುರು ಬದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಒಳಗೆ ಎಷ್ಟು ಜನವೋ ಮೇಲೆ ಟಾಪಿನಲ್ಲೂ ಅಷ್ಟೇ ಜನ. ಜನವರಿ ತಿಂಗಳು, ಎರಡೂ ಕಡೆ ಸಾಸಿವೆ ಹೊಲ ಹಳದಿಗಟ್ಟಿತ್ತು. ಆ ಕಡೆಯ ಕೊರಕಲು ಕಣಿವೆಗಳನ್ನು ಬೀಹಡ್ ಅನ್ನುತ್ತಾರೆ. ಡಕಾಯಿತರನ್ನು ಡಾಕು ಅನ್ನುವುದಿಲ್ಲ, ಬಾಗಿ ಅನ್ನುತ್ತಾರೆ, ದಂಗೆ ಎದ್ದವನು ಅಂತ. ಇದನ್ನು ನನಗೆ ಹೇಳಿದ್ದು ಎದುರು ಕೂತಿದ್ದ ಒಬ್ಬ ಅಜ್ಜ. ನನಗೆ ಮೊರೇನಾದ ಗಜಕ್ ಕೊಟ್ಟರು. ನಮ್ಮ ಎಳ್ಳು ಚಿಕ್ಕಿಯ ಹಾಗೇ, ಆದರೆ ಪದರ ಪದರ, ಬಾಯಿಗಿಟ್ಟರೆ ಪುಡಿಯಾಗುತ್ತದೆ.

ಎಲ್ಲಿಗೆ ಅಂದರು. ಆಶ್ರಮಕ್ಕೆ ಅಂದೆ. ಎಲ್ಲಿಯವರು ಅಂದರು. ಕರ್ನಾಟಕ ಅಂದೆ. ಭಾಯಿಜಿ ಊರಿನವರು ಅಂತ ಪಕ್ಕದವರಿಗೆ ಹೇಳಿದರು. ನಾನು ಅವರಿಗೆ 1972ರ ಬಗ್ಗೆ ಕೇಳಿದೆ. ನೋಡಿದ್ದೀನಿ, ಜನ ಜಾಸ್ತಿ ಇದ್ದರು, ಧೂಳು ಇತ್ತು ಅಂದರು, ಅಷ್ಟೇ. ಆಮೇಲೆ ಕೇಳದೆಯೇ ಬೇರೆ ವಿಷಯ ಹೇಳಲು ಶುರುಮಾಡಿದರು. ಕತ್ತಲಾದ ಮೇಲೆ ಊರಿಂದ ಊರಿಗೆ ಹೋಗಲು ಶುರುವಾದದ್ದು. ರಾತ್ರಿ ಹೊತ್ತು ಹೊಲಕ್ಕೆ ನೀರು ಕಟ್ಟಲು ಹೋಗಲು ಆದದ್ದು. ಆ ಸಂತೋಷ ಅವರ ಮುಖದಲ್ಲಿ ಅಷ್ಟು ವರ್ಷದ ಮೇಲೂ ಇತ್ತು.

ಆಶ್ರಮದಲ್ಲಿ ಆವತ್ತು ಭಾಯಿಜಿ ಇರಲಿಲ್ಲ. ಎಲ್ಲೋ ಶಿಬಿರಕ್ಕೆ ಹೋಗಿದ್ದರು. ನಾನು ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತಿದ್ದು ವಾಪಸ್ ಬಂದೆ. ಬರುವಾಗ ಹೊಳೆದದ್ದು ಇಷ್ಟು. ಶಿಬಿರ ಬಾಗಿಲು. ಅವರು ಬಾಗಿಲು ತೆಗೆದು ಕರೆದರು, ಒಳಗೆ ಬಂದವರಲ್ಲಿ ಕೆಲವರು ಉಳಿದರು. ಪಿ. ವಿ. ರಾಜಗೋಪಾಲ್ ಹಾಗೆ ಉಳಿದವರಲ್ಲಿ ಒಬ್ಬರು. ಕೇರಳದಿಂದ ಬಂದ ಹುಡುಗ, ಕಥಕಳಿ ಕಲಿತವರು, ಚಂಬಲ್‌ನಲ್ಲಿ ಸುಬ್ಬರಾಯರ ಜೊತೆ ಕೆಲಸ ಮಾಡಿದರು. ಮುಂದೆ ಏಕತಾ ಪರಿಷತ್ ಕಟ್ಟಿದರು. 2007ರಲ್ಲಿ ಭೂಮಿ ಇಲ್ಲದ 25,000 ಜನರನ್ನು ಗ್ವಾಲಿಯರ್‌ನಿಂದ ದೆಹಲಿಗೆ ನಡೆಸಿಕೊಂಡು ಹೋದರು. ಹಾಡಿನಿಂದ ಜಮೀನಿನ ಪ್ರಶ್ನೆ ಬಗೆಹರಿಯುತ್ತಾ ಅಂತ ಕೇಳುವವರಿಗೆ ಆ ನಡಿಗೆಯನ್ನು ತೋರಿಸಬೇಕು ಅನಿಸುತ್ತದೆ. ಅಷ್ಟು ಜನ ಅಷ್ಟು ದಿನ ಶಿಸ್ತಾಗಿ, ಒಂದು ಕಲ್ಲು ಎತ್ತದೆ ನಡೆಯುವುದನ್ನು ಎಲ್ಲೋ ಕಲಿತಿರಬೇಕಲ್ವಾ?

ಒಂದು ಗಂಟೆ

ಸುಬ್ಬರಾಯರ ಒಂದು ಘೋಷಣೆ ಶಿಬಿರಕ್ಕೆ ಹೋದ ಎಲ್ಲರಿಗೂ ಗೊತ್ತು. 'ಏಕ್ ಘಂಟಾ ದೇಹ್ ಕೋ, ಏಕ್ ಘಂಟಾ ದೇಶ್ ಕೋ'. ದಿನಕ್ಕೆ ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ. ಹತ್ತೊಂಬತ್ತರಲ್ಲಿ ಇದನ್ನು ಕೂಗಿ ಗಂಟಲು ಕಟ್ಟಿತ್ತು. ಪ್ರಾಸ ಚೆನ್ನಾಗಿದೆ ಅಂತ ಕೂಗಿದ್ದೆವು. ಈಗ ನೋಡಿದರೆ ಅವರು ಕೇಳಿದ್ದು ಇದೊಂದನ್ನೇ. ಸದಸ್ಯತ್ವ ಕೇಳಲಿಲ್ಲ, ವೋಟು ಕೇಳಲಿಲ್ಲ, ನಿಮ್ಮ ದೇವರನ್ನು ಬಿಡಿ ಅನ್ನಲಿಲ್ಲ. ದಿನಕ್ಕೊಂದು ಗಂಟೆ ಕೇಳಿದರು. ನಾನು ಆ ಗಂಟೆ ಕೊಡಲಿಲ್ಲ. ಗೆಳೆಯನೂ ಕೊಡಲಿಲ್ಲ. ಹಾಡು ಮಾತ್ರ ಮನೆಗೆ ತಂದೆವು. ಖಾಲಿ ಬಿಟ್ಟ ಗಂಟೆಗೆ ಬೇರೆ ಯಾರೋ ಬಂದು ಕೂತರು. ಅವನ ಮೊಬೈಲಿನಲ್ಲಿ ದಿನಾ ಒಂದು ಗಂಟೆಗಿಂತ ಜಾಸ್ತಿಯೇ ಕೂತಿದ್ದಾರೆ.

1992ರ ಡಿಸೆಂಬರ್ ಆದ ಮೇಲೆ ದೇಶ ಹೊತ್ತಿ ಉರಿದಾಗ ಸುಬ್ಬರಾಯರು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಸದ್ಭಾವನಾ ರೈಲು ಯಾತ್ರೆ ಹೊರಟಿದ್ದರು. ರೈಲಿನಲ್ಲಿ ಜನರ ಜೊತೆ ಸೈಕಲ್ಲುಗಳೂ ಇದ್ದವು. ಸ್ಟೇಷನ್ ಬಂದರೆ ಸೈಕಲ್ ಇಳಿಸಿಕೊಂಡು ಊರೊಳಗೆ ಹೋಗುವುದು, ಜನರ ಜೊತೆ ಮಾತಾಡುವುದು, ಹಾಡುವುದು, ಮತ್ತೆ ರೈಲು ಹತ್ತುವುದು. ಸಿಟ್ಟಿನಲ್ಲಿರುವ ಊರಿಗೆ ಸೈಕಲ್ ತುಳಿದುಕೊಂಡು ಹೋಗುವುದಕ್ಕೆ ಎಂಥ ಧೈರ್ಯ ಬೇಕು! ನಾನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬರೆಯಲು ಮೂರು ದಿನ ಹಿಂದೆ ಮುಂದೆ ನೋಡಿದ್ದೆ.

2021ರ ಅಕ್ಟೋಬರ್ 27ರಂದು ಜೈಪುರದಲ್ಲಿ ಅವರು ತೀರಿಕೊಂಡರು. ತೊಂಬತ್ತೆರಡು ವರ್ಷ. ಜೌರಾಕ್ಕೆ ಕರೆದುಕೊಂಡು ಹೋಗಿ ಆಶ್ರಮದಲ್ಲೇ ಅಂತ್ಯಸಂಸ್ಕಾರ ಮಾಡಿದರು. ಬೆಂಗಳೂರಿನ ಹುಡುಗನಿಗೆ ಚಂಬಲ್‌ನ ಮಣ್ಣು. ಆ ಸುದ್ದಿ ಓದಿದ ದಿನವೂ ಆ ಎರಡು ಸಾಲು ಬಾಯಿಗೆ ಬಂದಿತ್ತು.

ಕೊನೆಗೆ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಗೆಳೆಯನಿಗೆ ಫೋನ್ ಮಾಡಿದೆ. "ನಮ್ಮೂರ ಕಲ್ಯಾಣಿ ಹೂಳು ತುಂಬಿದೆ ಕಣೋ. ಭಾನುವಾರ ಒಂದು ಗಂಟೆ ಬಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಷ್ಟು ಹೊತ್ತಿಗೆ?" ಅಂದ. ಆರೂವರೆ ಅಂದೆ.

ಆರೂವರೆಗೆ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಮನೆಯಿಂದ ಗುದ್ದಲಿ ತಂದಿದ್ದ, ಹಿಡಿ ಹೊಸದಾಗಿ ಹಾಕಿಸಿದ್ದ. ಒಟ್ಟು ಏಳು ಜನ ಆದೆವು, ಅದರಲ್ಲಿ ಇಬ್ಬರು ಅವನ ಮೆಸೇಜಿನಲ್ಲಿದ್ದ ಸಮುದಾಯದ ಹುಡುಗರು, ಬಸ್ ಸ್ಟ್ಯಾಂಡಿನ ಸೈಕಲ್ ಶಾಪಿನವರು. ಅವನು ಅವರನ್ನು ನೋಡಿದ, ನನ್ನನ್ನು ನೋಡಿದ, ಏನೂ ಹೇಳಲಿಲ್ಲ. ಸಾಲಾಗಿ ನಿಂತೆವು. ಮೆಸೇಜ್ ಮಾತು ನಾನು ಎತ್ತಲಿಲ್ಲ. ಎತ್ತಬೇಕು, ಅವನ ಎದುರು ಕೂತು ಎತ್ತುತ್ತೇನೆ. ಬಾಂಡ್ಲಿ ನಾಲ್ಕೈದು ಸಲ ದಾಟಿದ ಮೇಲೆ ನನ್ನ ಬಾಯಲ್ಲಿ ಆ ಹಾಡು ಬಂತು. ಎರಡನೇ ಸಾಲಿಗೆ ಅವನು ನಿಂತ. "ಹಾಗಲ್ವೋ ಅದು" ಅಂದ. ಬಾಂಡ್ಲಿ ಕೈಯಲ್ಲೇ ಹಿಡಿದುಕೊಂಡು ಆ ಸಾಲನ್ನು ನಿಧಾನವಾಗಿ ಹಾಡಿ ತೋರಿಸಿದ. ನಡುವಿನ ಒಂದು ಪದವನ್ನು ನಾನು ಇಷ್ಟು ವರ್ಷವೂ ತಪ್ಪಾಗಿ ಹಾಡುತ್ತಿದ್ದೆ. ಸೈಕಲ್ ಶಾಪಿನ ಹುಡುಗ ಬಲಗಡೆಯಿಂದ ಕೈ ಚಾಚಿ, "ಅಣ್ಣಾ, ಬಾಂಡ್ಲಿ" ಅಂದ.